ರೇಶನ್ ಕಾರ್ಡಿನ ಅರ್ಜಿ: ನಂಬ್ರಗಳನ್ನು ಮೊದಲೇ ಸರಿಮಾಡಿಕೊಳ್ಳುವ ಕ್ರಮ

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ರೇಶನ್ ಕಾರ್ಡಿನ ಅರ್ಜಿಗೆ ಸಹಾಯ ಮಾಡುವಾಗ, ಅಕ್ಷಯ ಕೇಂದ್ರಕ್ಕೆ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇರಳದ ಕೇಂದ್ರ) ಹೋಗುವ ಮೊದಲೇ ನಾನು ಮನೆಯವರಿಂದ ಒಂದು ಹಾಳೆ ಬರೆಸುತ್ತೇನೆ. ಪ್ರತಿಯೊಬ್ಬ ಸದಸ್ಯರಿಗೂ ಒಂದು ಸಾಲು: ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಹೆಸರು, 12 ಅಂಕೆಯ ನಂಬ್ರ, ಹುಟ್ಟಿದ ತಾರೀಕು, ಆಧಾರ್‌ಗೆ ಜೋಡಿಸಿದ ಮೊಬೈಲು, ಮತ್ತು ಹೆಸರು ಈಗ ಯಾವ ಕಾರ್ಡಿನಲ್ಲಿದೆ ಎಂಬುದು. ಕೆಳಗೆ ಪಂಚಾಯತಿನ ವಾರ್ಡು, ಮನೆ ನಂಬ್ರ, ಕರೆಂಟ್ ಬಿಲ್ಲಿನ 13 ಅಂಕೆಯ ಕನ್ಸ್ಯೂಮರ್ ನಂಬ್ರ, ಗ್ಯಾಸ್ ಪುಸ್ತಕದ ನಂಬ್ರ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿ ಇದಕ್ಕೆ ಸಾಲದು.

ಗಡಿಯ ಮನೆಗಳಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ "ಈಗ ಯಾವ ಕಾರ್ಡಿನಲ್ಲಿದೆ" ಎಂಬಲ್ಲೇ. ಪುತ್ತೂರಿನಿಂದಲೋ ವಿಟ್ಲದಿಂದಲೋ ಮದುವೆಯಾಗಿ ಬಂದ ಸೊಸೆಯ ಆಧಾರ್ ತವರಿನ ಕರ್ನಾಟಕದ ಕಾರ್ಡಿಗೆ ಜೋಡಣೆಯಾಗಿರುತ್ತದೆ. ಒಂದು ಆಧಾರ್ ಎರಡು ಕಾರ್ಡಿನಲ್ಲಿ ಇರಬಾರದು. ಆದ್ದರಿಂದ ಮೊದಲು ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ಅಲ್ಲಿಯ ಆಹಾರ ಇಲಾಖೆಯಿಂದ ಹೆಸರು ತೆಗೆದದ್ದಕ್ಕೆ ಪತ್ರ ತರಬೇಕು. ಇಲ್ಲಿ ಅದನ್ನು ರಿಡಕ್ಷನ್ ಸರ್ಟಿಫಿಕೇಟ್ ಎನ್ನುತ್ತಾರೆ. ಪತ್ರದಲ್ಲಿ ಹಳೆಯ ಕಾರ್ಡಿನ ನಂಬ್ರವೂ ಸೊಸೆಯ ಹೆಸರೂ ಸ್ಪಷ್ಟವಾಗಿರಲಿ. ಎಲ್ಲಿಯೂ ಹೆಸರೇ ಇರಲಿಲ್ಲವಾದರೆ ಯಾವ ಕಾರ್ಡಿನಲ್ಲೂ ಸೇರಿಲ್ಲ ಎಂಬ ಪತ್ರ ಬೇಕು. "ತವರಿನದ್ದು ಇರಲಿ, ಇಲ್ಲಿಯೂ ಒಂದು ಸೇರಿಸೋಣ" ಎನ್ನುವವರಿಗೆ ನಾನು ಖಂಡಿತ ಬೇಡ ಎನ್ನುತ್ತೇನೆ. ಸಿಕ್ಕಿಬಿದ್ದರೆ ಎರಡು ಮನೆಯ ಅಕ್ಕಿಗೂ ತೊಂದರೆ. ಕೆಲಸಕ್ಕಾಗಿ ಕೆಲವು ತಿಂಗಳು ಮಾತ್ರ ಗಡಿ ದಾಟುವವರಿಗೆ ಹೆಸರು ಬದಲಿಸುವ ಅಗತ್ಯವೇ ಇಲ್ಲ. ಹಳದಿ (ಅತಿ ಬಡವರ), ಗುಲಾಬಿ (ಆದ್ಯತೆಯ) ಕಾರ್ಡಿನವರು ಒಂದು ದೇಶ ಒಂದು ರೇಶನ್ ಕಾರ್ಡ್ ವ್ಯವಸ್ಥೆಯಲ್ಲಿ ಆಚೆಯ ಅಂಗಡಿಯಿಂದಲೂ ಧಾನ್ಯ ತೆಗೆದುಕೊಳ್ಳಬಹುದು. ಕೇರಳ, ಕರ್ನಾಟಕ ಎರಡೂ 2020ರ ಜನವರಿಯಿಂದ ಅದರಲ್ಲಿವೆ.

ಎರಡನೆಯ ತೊಡಕು ಹೆಸರಿನದು. ಮಂಗಳೂರಿನಲ್ಲಿ ಆಧಾರ್ ಮಾಡಿಸಿದ ಸುನಿತಾಳ ಹೆಸರಲ್ಲಿ "ಟಿ" ಅಕ್ಷರ ಮಾತ್ರ ಇದ್ದರೆ, ಇಲ್ಲಿಯ ಶಾಲೆಯ ದಾಖಲೆಯಲ್ಲಿ "ಟಿ"ಯ ಜೊತೆ "ಎಚ್" ಸೇರಿರುತ್ತದೆ. ಶೆಟ್ಟಿ, ಭಟ್, ರೈ ಎಂಬ ಕುಲನಾಮ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಕಾರ್ಡಿನಲ್ಲಿ ಮಲಯಾಳ ಲಿಪಿ ಬೇರೆ. ಇಂಥಲ್ಲಿ ರೇಶನ್ ಕಾರ್ಡನ್ನೇ ಆಧಾರ್‌ಗೆ ಹೊಂದಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ. ಆ ಅವಕಾಶವನ್ನು ಪಿಂಚಣಿಗೋ ಪಾಸ್‌ಪೋರ್ಟಿಗೋ ಬೇಕಾಗುವ ದಿನಕ್ಕೆ ಉಳಿಸಿಕೊಳ್ಳಿ. ಕಾರ್ಡಿನ ಸಣ್ಣ ತಪ್ಪುಗಳಿಗೆ ನಾಗರಿಕ ಪೂರೈಕೆ ಇಲಾಖೆಯ "ತೆಳಿಮ" ಕಾರ್ಯಕ್ರಮ ಇದೆ. ಈಚಿನ ವರ್ಷಗಳಲ್ಲಿ ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ರೇಶನ್ ಅಂಗಡಿಯ ಪೆಟ್ಟಿಗೆಯಲ್ಲೇ ಅರ್ಜಿ ಹಾಕಬಹುದಾಗಿತ್ತು.

ಆಧಾರ್ ಇಲ್ಲದವರು ಮನೆಯಲ್ಲಿದ್ದರೆ ಮೊದಲು ನೋಂದಣಿ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಅದರಲ್ಲಿ 14 ಅಂಕೆಯ ನೋಂದಣಿ ನಂಬ್ರ, ಜೊತೆಗೆ ದಿನಾಂಕ ಮತ್ತು ಸಮಯ ಇರುತ್ತದೆ. ಎರಡೂ ಸೇರಿ 28 ಅಂಕೆ. 14 ಮಾತ್ರ ಬರೆದರೆ ಹುಡುಕಿದಾಗ ಸಿಗುವುದಿಲ್ಲ. 5 ವರ್ಷದೊಳಗಿನ ಮಗುವಿಗೆ ಜನನ ಪ್ರಮಾಣಪತ್ರ ಮತ್ತು ತಂದೆ ಅಥವಾ ತಾಯಿಯ ಆಧಾರ್‌ನಿಂದ ಬಾಲ ಆಧಾರ್ ಆಗುತ್ತದೆ. ಅದರಲ್ಲಿ ಬೆರಳಚ್ಚು ಇರುವುದಿಲ್ಲ. 5 ತುಂಬಿದ ಮೇಲೆ ಒಮ್ಮೆ, 15ಕ್ಕೆ ಇನ್ನೊಮ್ಮೆ ಬಯೋಮೆಟ್ರಿಕ್ ಸೇರಿಸಲೇಬೇಕು. ಮರೆತರೆ ಅಂಗಡಿಯ ಮಿಷಿನ್ ಆ ಮಗುವನ್ನು ಗುರುತಿಸುವುದಿಲ್ಲ.

ಕಾರ್ಡಿನ ಯಜಮಾನಿ ಮನೆಯ 18 ತುಂಬಿದ ಹೆಂಗಸರಲ್ಲಿ ಹಿರಿಯವಳು. 2013ರ ಆಹಾರ ಭದ್ರತಾ ಕಾನೂನು ಹಾಗೆಂದೇ ಹೇಳುತ್ತದೆ. ಗುಲಾಬಿ ಕಾರ್ಡು ಬೇಕಾದವರು ನಂಬ್ರಗಳ ಜೊತೆ ಮನೆಯ ವಿಸ್ತೀರ್ಣವನ್ನೂ ನೋಡಿಕೊಳ್ಳಬೇಕು: 1000 ಚದರ ಅಡಿಗಿಂತ ದೊಡ್ಡ ಮನೆ, ಒಂದು ಎಕರೆಗಿಂತ ಹೆಚ್ಚು ಜಾಗ, ಸ್ವಂತ ಕಾರು, ತಿಂಗಳಿಗೆ 25,000 ದಾಟಿದ ಆದಾಯ, ಇವುಗಳಲ್ಲಿ ಯಾವುದಾದರೂ ಇದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕಾರ್ಡು ಬಂದ ಮೇಲೆ ಹಳದಿ, ಗುಲಾಬಿ ಕಾರ್ಡಿನ ಸದಸ್ಯರಿಗೆ ಮಸ್ಟರಿಂಗ್ ಇದೆ, ಅಂದರೆ ಪ್ರತಿಯೊಬ್ಬರ ಗುರುತನ್ನು ಆಧಾರ್ ಬಯೋಮೆಟ್ರಿಕ್‌ನಿಂದ ಖಚಿತಪಡಿಸುವುದು. ಬೀಡಿ ಕಟ್ಟುವವರ, ಅಡಿಕೆ ಸುಲಿಯುವವರ ಬೆರಳಿನ ಗೆರೆ ಸವೆದಿರುತ್ತದೆ. ಕೈ ತೊಳೆದು ಒರೆಸಿ, ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿ ನೋಡಿ. ಮಿಷಿನ್ 300 ಎಂದರೆ ಬೆರಳಚ್ಚು ಹೊಂದಲಿಲ್ಲ ಎಂದರ್ಥ. 330 ಎಂದರೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಆಗಿದೆ. ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಮೊದಲು ಲಾಕ್ ತೆಗೆಯಬೇಕು. ಬೆರಳು ಆಗದಿದ್ದರೆ ಕಣ್ಣಿನ ಸ್ಕ್ಯಾನರ್ ಅಥವಾ ಮುಖ ತೋರಿಸುವ ಆ್ಯಪ್ ಕೇಳಿ. ಅಕ್ಕಿ ತೆಗೆಯುವಾಗ ಓಟಿಪಿಯೂ ಆಗುತ್ತದೆ, ಆದರೆ ಅದಕ್ಕೆ ಮೊಬೈಲ್ ನಂಬ್ರ ಚಾಲ್ತಿಯಲ್ಲಿರಬೇಕು.

ಬೆರಳು ಹೊಂದದ್ದಕ್ಕೋ ಆಧಾರ್ ಇಲ್ಲದ್ದಕ್ಕೋ ಅರ್ಹರಿಗೆ ಧಾನ್ಯ ನಿರಾಕರಿಸಬಾರದು, ಪಟ್ಟಿಯಿಂದ ಹೆಸರು ತೆಗೆಯಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಸೂಚಿಸಿದೆ. ಬರಿಗೈಯಲ್ಲಿ ಕಳುಹಿಸಿದರೆ ಸುಮ್ಮನಾಗಬೇಡಿ. ಕಾರ್ಡಿನ ನಂಬ್ರ, ಅಂಗಡಿಯ ಎ.ಆರ್.ಡಿ. (ಅಧಿಕೃತ ರೇಶನ್ ಅಂಗಡಿಯ) ನಂಬ್ರ, ತಾರೀಕು, ಮಿಷಿನ್ ತೋರಿಸಿದ ಸಂಖ್ಯೆ ಇಷ್ಟನ್ನು ಬರೆದು ತಾಲೂಕು ಸಪ್ಲೈ ಆಫೀಸಿಗೆ ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಬಹುದು, 1969ರ ಕೇರಳ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ.