‘ಡಿಸ್ಟ್ರಿಕ್ಟ್’ ಕಂಡ ತಕ್ಷಣ ‘ಜಿಲ್ಲೆ’ ಅಂತ ಬರೆಯಬೇಡಿ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಮಾಸಿಕಕ್ಕೆ ಕರಡು ತಿದ್ದುವವಳು ನಾನು. ಸಂಬಳ ಇಲ್ಲ, ಬೈಗಳು ಮಾತ್ರ ತಪ್ಪದೆ ಸಿಗುತ್ತವೆ. ಒಮ್ಮೆ ಅಮೆರಿಕದ ಚುನಾವಣೆ ಕುರಿತ ಅನುವಾದವೊಂದಕ್ಕೆ ‘ಜಿಲ್ಲೆಗಳ ಪುನರ್ವಿಂಗಡಣೆ’ ಅಂತ ತಲೆಬರಹ ಇತ್ತು. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದಿ, ಹಾಗೇ ಬಿಟ್ಟೆ. ಸಂಚಿಕೆ ಬಂದ ಮರುದಿನ ಉಡುಪಿ ಕಡೆಯ ಹಿರಿಯರೊಬ್ಬರ ಫೋನು: “ಎಂತದು ಮಾರಾಯ್ತಿ, ನಮ್ಮ ಜಿಲ್ಲೆಯನ್ನು ಮತ್ತೆ ತುಂಡು ಮಾಡ್ತಾರಂತಾ?”

ತಪ್ಪು ನನ್ನದೇ. ಅಮೆರಿಕದ ಚುನಾವಣೆ ಸುದ್ದಿಯಲ್ಲಿ ಡಿಸ್ಟ್ರಿಕ್ಟ್ ಅಂದರೆ ಜನ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರದೇಶ. ಅದು ನಮ್ಮ ‘ಕ್ಷೇತ್ರ’. ಹಾಗಾಗಿ ರೀಡಿಸ್ಟ್ರಿಕ್ಟಿಂಗ್ ಅಂದರೆ ಕ್ಷೇತ್ರ ಪುನರ್ವಿಂಗಡಣೆ. ನಮ್ಮ ದೇಶದ ಡಿಲಿಮಿಟೇಶನ್‌ಗೂ ಪತ್ರಿಕೆಗಳು ಬಳಸುವುದು ಇದೇ ಮಾತು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ, 2014ರಲ್ಲಿ ಠಾಣೆಯಿಂದ ಪಾಲ್ಘರ್ ಬೇರೆಯಾದದ್ದು ಜಿಲ್ಲೆ ವಿಭಜನೆ. 2008ರಲ್ಲಿ ಮಂಗಳೂರು ಲೋಕಸಭಾ ಕ್ಷೇತ್ರ ಹೋಗಿ ದಕ್ಷಿಣ ಕನ್ನಡ ಬಂತು, ಉಡುಪಿಗೆ ಚಿಕ್ಕಮಗಳೂರು ಜೊತೆಯಾಯಿತು. ಅದು ಪುನರ್ವಿಂಗಡಣೆ. ಅದೇ ಸಲ ಇಲ್ಲಿ ಮುಂಬಯಿಯಲ್ಲಿ ಮಾಟುಂಗಾ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಊರು ಎಲ್ಲಿಗೂ ಹೋಗಲಿಲ್ಲ. ಕನ್ನಡಿಗರ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ, ಇಡ್ಲಿಯೂ ಅಲ್ಲೇ ಸಿಗುತ್ತದೆ.

‘ಪುನರ್ವಿಂಗಡಣೆ’ ಅಂತ ಒಂದಾಗಿ ಬರೆಯಿರಿ, ಕೊನೆಗೆ ‘ಣ’. (ನಮ್ಮ ತಿದ್ದುಪಡಿಯಲ್ಲಿ ‘ನ’ ಬಿದ್ದು ಹಿರಿಯರ ಫೋನು ಮತ್ತೆ ಬಂತು.) ನನಗೆ ‘ಮರುವಿಂಗಡಣೆ’ ಜಾಸ್ತಿ ಇಷ್ಟ. ಹಸಿಕಸ ಒಣಕಸ ವಿಂಗಡಿಸುವ ಎಲ್ಲರಿಗೂ ಅದು ಅರ್ಥವಾಗುತ್ತದೆ. ‘ಪುನರ್ವಿಂಗಡಿತ ಕ್ಷೇತ್ರ’ ಅಂತ ಮಾತ್ರ ಬರೆಯಬೇಡಿ, ನಾಲಿಗೆ ತೊಡರುತ್ತದೆ. ಇನ್ನೊಂದು, ‘ಕ್ಷೇತ್ರ’ ಎಂಬ ಮಾತನ್ನು ಬಿಡಬೇಡಿ. ಬರೀ ‘ಪುನರ್ವಿಂಗಡಣೆ’ ಅಂದರೆ ನಮ್ಮ ಹಳಬರಿಗೆ ನೆನಪಾಗುವುದು 1956ರ ರಾಜ್ಯ ಪುನರ್ವಿಂಗಡಣೆ. ಮಹಾರಾಷ್ಟ್ರದಲ್ಲಿ ಕೂತು ಆ ಮಾತು ಎತ್ತಿದರೆ ಚರ್ಚೆ ಬೆಳಗಾವಿಗೆ ಹೋಗಿ ನಿಲ್ಲುತ್ತದೆ.

ಗೆರೆ ಬದಲಿಸುವುದು ಬೇರೆ, ಸೀಟು ಹಂಚುವುದು ಬೇರೆ. 2008ರಲ್ಲಿ ಗೆರೆ ಬದಲಾದರೂ ಲೋಕಸಭೆಯಲ್ಲಿ ಕರ್ನಾಟಕಕ್ಕೆ 28, ಮಹಾರಾಷ್ಟ್ರಕ್ಕೆ 48 ಹಾಗೇ ಉಳಿದವು. 1971ರ ಜನಗಣತಿಯ ಆಧಾರದಲ್ಲಿ ನಿಂತ ಲೆಕ್ಕವನ್ನು 1976ರ ಸಂವಿಧಾನ ತಿದ್ದುಪಡಿ ಹಾಗೇ ಕಟ್ಟಿಹಾಕಿತ್ತು. ಆ ಕಟ್ಟನ್ನು ಆಮೇಲೆ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿದರು. ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬ ಜಗಳದ ಸುದ್ದಿಯಾದರೆ ‘ಸ್ಥಾನ ಹಂಚಿಕೆ’ ಅಂತ ಸೇರಿಸಿ.

ಇನ್ನು ಜೆರಿಮ್ಯಾಂಡರ್, ಅಂದರೆ ತಮ್ಮ ಪಕ್ಷಕ್ಕೆ ಲಾಭವಾಗುವ ಹಾಗೆ ಕ್ಷೇತ್ರದ ಗೆರೆ ಎಳೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಅನುಕೂಲವಾಗುವ ಕ್ಷೇತ್ರಗಳ ಮಸೂದೆಗೆ ಸಹಿ ಹಾಕಿದರು. ಅದರಲ್ಲೊಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತು. ಎರಡೂ ಹೆಸರು ಅಂಟಿಸಿ ಪತ್ರಿಕೆಯೊಂದು ಗೇಲಿ ಮಾಡಿತು. ಅವರ ಹೆಸರಿನ ಉಚ್ಚಾರ ‘ಗೆರಿ’, ನಮ್ಮಲ್ಲಿ ‘ಗೆರೆ’ ಮೊದಲೇ ಇದೆ. ಆದ್ದರಿಂದ ನಾನು ‘ಗೆರೆ ತಿರುಚುವುದು’ ಅಂತ ಬರೆಯುತ್ತೇನೆ. ಆದರೆ ಅದು ಆರೋಪದ ಮಾತು. ಆಯೋಗ ನಿಯಮದಂತೆ ಗೆರೆ ಎಳೆದ ಸುದ್ದಿಗೆ ಸುಮ್ನೆ ಅದನ್ನು ಹಚ್ಚಬೇಡಿ. ‘ಗೆರೆ ತಿರುಚಿದ್ದಾರೆ ಎಂದು ವಿರೋಧ ಪಕ್ಷ ದೂರಿದೆ’ ಅಂತ, ಹೇಳಿದವರ ಬಾಯಲ್ಲೇ ಇಡಿ.

ಪಾಲಿಕೆ ಸುದ್ದಿ ಸುಲಭ. ಮರಾಠಿಯ ‘ಪ್ರಭಾಗ ರಚನಾ’ ನಮಗೆ ‘ವಾರ್ಡ್ ಮರುವಿಂಗಡಣೆ’. ಮುಂಬಯಿ ಪಾಲಿಕೆಯ 227 ವಾರ್ಡುಗಳನ್ನು 236 ಮಾಡಲು ಹೊರಟು, 2022ರಲ್ಲಿ ಮತ್ತೆ 227ಕ್ಕೇ ಬಂದರಲ್ಲ, ಅದನ್ನು ನಮ್ಮ ಕಟ್ಟೆಯಲ್ಲಿ ‘ವಾರ್ಡ್ ಒಡೆದ್ರು, ಮತ್ತೆ ಕೂಡಿಸಿದ್ರು’ ಅಂತ ಮುಗಿಸಿದ್ದರು. ತಲೆಬರಹಕ್ಕೆ ನಾನು ಅದನ್ನೇ ಹಾಕಿದೆ.