ಕೋಟೆಯ ಸಂದಿ, ಅಂಗಳದ ಚುಕ್ಕಿ

ಚಿತ್ರದುರ್ಗದಲ್ಲಿ ಕೂತು ಬಟ್ಟೆಗೆ ಅಚ್ಚು ಹಾಕುವವರಿಗೆ ಮೊದಲು ಹೊಳೆಯುವುದು ಒನಕೆ ಎತ್ತಿದ ಓಬವ್ವ, ಆಮೇಲೆ ಬುರುಜು. ಎರಡೂ ಅಂಗಡಿ ಬೋರ್ಡಿನಿಂದ ಆಟೊ ಬೆನ್ನಿನವರೆಗೆ ಸವೆದುಹೋಗಿವೆ. ನಾನು ನೋಡುವುದು ಕೋಟೆಗೋಡೆಯ ಸಂದಿ. ಕಲ್ಲುಗಳು ಒಂದೇ ಅಳತೆಯವಲ್ಲ, ಹಾಗಾಗಿ ಸಂದಿಗೆರೆ ಒಂದೇ ಮಟ್ಟದಲ್ಲಿ ಓಡದೆ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ಬಂಡೆ ಸೀಳಲು ತೋಡಿದ ಚೌಕ ಕುಳಿಗಳ ಸಾಲೂ ಒಳ್ಳೆಯ ಸರಕು. ಬೆಳಗ್ಗೆ ಎಂಟರೊಳಗೆ ಹೋಗಬೇಕು. ಓರೆ ಬಿಸಿಲಿಗೆ ಉಳಿಯೇಟು ಎದ್ದು ಕಾಣುತ್ತದೆ, ನೆತ್ತಿ ಬಿಸಿಲಿಗೆ ಗೋಡೆಯೆಲ್ಲ ಚಪ್ಪಟೆ. ಕಾಗದ ಒತ್ತಿ ಪೆನ್ಸಿಲ್ ಉಜ್ಜುವುದು ಅಲ್ಲಿ ಬೇಡ, ಅದು ರಕ್ಷಿತ ಸ್ಮಾರಕ. ಉಜ್ಜಲೇಬೇಕೆಂದರೆ ಮನೆಯ ಒರಳುಕಲ್ಲಿದೆ.

ಬರೆದ ಗೆರೆಯನ್ನು, ಅಚ್ಚು ಪಕ್ಕಪಕ್ಕ ಒತ್ತಿದಾಗ ಎಲ್ಲೂ ತುಂಡಾಗದೆ ಮುಂದುವರಿಯುವ ಹೆಣಿಗೆ ಮಾಡುವುದು ಹೀಗೆ: 12 ಸೆಂ.ಮೀ. ಚೌಕ ಕಾಗದದ ನಡುವೆ, ಅಂಚು ಮುಟ್ಟದಂತೆ, ಗೆರೆ ಬರೆಯಿರಿ. ಮೇಲಿಂದ ಕೆಳಕ್ಕೆ ಕತ್ತರಿಸಿ ಎಡಬಲ ಅದಲುಬದಲು ಮಾಡಿ ಹಿಂದಿನಿಂದ ಟೇಪ್ ಹಚ್ಚಿ. ಅಡ್ಡಡ್ಡ ಕತ್ತರಿಸಿ ಮೇಲೆಕೆಳಗೂ ಹಾಗೆಯೇ. ಈಗ ನಡುವೆ ಬಿದ್ದ ಖಾಲಿ ಜಾಗ ತುಂಬಿ. ಲಿನೋ, ಅಂದರೆ ಅಚ್ಚು ಕೊರೆಯುವ ಮೆತ್ತನೆ ಹಾಳೆ, ಅದನ್ನು ಕೊರೆಯುವ ಮೊದಲೇ ನಾಲ್ಕು ಜೆರಾಕ್ಸ್ ಜೋಡಿಸಿ ದೂರದಿಂದ ನೋಡುತ್ತೇನೆ. ನಡುವೆ ಬಿಳಿ ಓಣಿಯೊಂದು ಕಂಡರೆ ಒಂದೆರಡು ಗೆರೆ ಅದನ್ನು ದಾಟಬೇಕು.

ಬಾಗಿಲ ಮುಂದಿನ ರಂಗೋಲಿಯಲ್ಲಿ 7ರಿಂದ 4ರ ಸಂದುಚುಕ್ಕಿ ನನ್ನ ಮೆಚ್ಚಿನದು. ನಡುಸಾಲಿಗೆ 7, ಮೇಲೂ ಕೆಳಗೂ ಹಿಂದಿನ ಸಾಲಿನ ಸಂದಿಗೆ ಬೀಳುವಂತೆ 6, 5, 4: ಒಟ್ಟು 37 ಚುಕ್ಕಿ, ಆರು ಮೂಲೆಯ ಆಕಾರ. ನೆಲದ ಮೇಲೆ ಕಣ್ಣಳತೆ ನಡೆಯುತ್ತದೆ, ಅಚ್ಚಿಗೆ ನಡೆಯುವುದಿಲ್ಲ. ಚುಕ್ಕಿಗಳ ನಡುವೆ 2 ಸೆಂ.ಮೀ. ಇಟ್ಟರೆ ಸಾಲುಗಳ ನಡುವೆ 1.73 ಇರಬೇಕು. ಅಲ್ಲೂ 2 ಇಟ್ಟರೆ ಆಕಾರ ಉದ್ದವಾಗಿ, ಅಚ್ಚು ತಿರುಗಿಸಿದಾಗ ಕೂಡುವುದೇ ಇಲ್ಲ.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಚಳ್ಳಕೆರೆ ಕಂಬಳಿಯ ಕರಿ, ಅದರ ಅಂಚಿನ ಮಾಸಲು ಬಿಳಿ, ಎರಡೇ ಸಾಕು.

ಲಿನೋ ಗಟ್ಟಿಯಾಗಿದ್ದರೆ ಹತ್ತು ನಿಮಿಷ ಬಿಸಿಲಿಗಿಟ್ಟು ಕೊರೆಯಿರಿ, ಇಲ್ಲದಿದ್ದರೆ ಅಂಚು ಪುಡಿಯಾಗುತ್ತದೆ. ತೋಡಿದ ಗೆರೆ ಒಂದು ಮಿ.ಮೀ.ಗಿಂತ ಸಣ್ಣದಾದರೆ ಬಣ್ಣ ತುಂಬಿ ಮುಚ್ಚಿಹೋಗುತ್ತದೆ. ಅಚ್ಚು ಎಡಬಲ ತಿರುಗಿ ಬೀಳುತ್ತದೆ. ಗೋಡೆಯ ಗೆರೆಗೆ ಅಡ್ಡಿಯಿಲ್ಲ, ಅಕ್ಷರವಿದ್ದರೆ ತಿರುಗಿಸಿ ಬರೆದುಕೊಳ್ಳಿ. ಹೊಸ ಕಾಟನ್ ಬಟ್ಟೆಯ ಗಂಜಿಯನ್ನು ಬಿಸಿನೀರಲ್ಲಿ ತೊಳೆಯದೆ ಅಚ್ಚು ಹಾಕಿದರೆ ಬಣ್ಣ ಗಂಜಿಯ ಮೇಲೆಯೇ ಕೂತು ಮೊದಲ ಒಗೆತಕ್ಕೇ ಹೋಗುತ್ತದೆ. ಫ್ಯಾಬ್ರಿಕ್ ಬಣ್ಣವಾದರೆ ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು.