ಪಗಾರಕ್ಕೆ ಜಪ್ತಿ ಬಂದಾಗ: ಮುಂಬಯಿಯ ಕನ್ನಡಿಗ ನೌಕರರು ಮಾಡಬೇಕಾದದ್ದು

“ನಾಳೆಯೇ ನಿಮ್ಮ ಕಂಪನಿಗೆ ಪತ್ರ ಬರೆದು ಪಗಾರ ನಿಲ್ಲಿಸುತ್ತೇವೆ” ಎಂಬ ಮಾತನ್ನು ಫೋನಿನಲ್ಲಿ ಕೇಳಿ ಊಟ ಬಿಟ್ಟು ಕುಳಿತವರನ್ನು ನಾನು ಬಹಳ ಕಂಡಿದ್ದೇನೆ. ಅಂಧೇರಿಯ ಒಂದು ಕಾರ್ಖಾನೆಯಲ್ಲಿ ಪಗಾರದ ಲೆಕ್ಕ ಬರೆಯುವುದೇ ನನ್ನ ಕೆಲಸವಾಗಿದ್ದುದರಿಂದ, ಹೆದರಿದವರು ಮೊದಲು ಬರುತ್ತಿದ್ದುದು ನನ್ನ ಮೇಜಿನ ಬಳಿಗೆ. ಅವರಿಗೆ ಹೇಳುತ್ತಿದ್ದ ಮಾತನ್ನೇ ಇಲ್ಲೂ ಮೊದಲು ಹೇಳುತ್ತೇನೆ. ಸಾಲ ಕೊಟ್ಟ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಅವರು ಕಳಿಸಿದ ವಸೂಲಿ ಏಜೆಂಟನಾಗಲಿ ಬರೀ ತಮ್ಮ ಪತ್ರದ ಬಲದಿಂದ ನಿಮ್ಮ ಪಗಾರಕ್ಕೆ ಕೈ ಹಾಕಲಾರರು. ಅದಕ್ಕೆ ನ್ಯಾಯಾಲಯದ ಆದೇಶ ಬೇಕು. ಇಲ್ಲವೇ ಕಾನೂನೇ ಅಧಿಕಾರ ಕೊಟ್ಟಿರುವ ಅಧಿಕಾರಿಯ ಆದೇಶ ಬೇಕು. ಅದೂ ಇಲ್ಲದಿದ್ದರೆ, ಪಗಾರದಿಂದ ಕಡಿದುಕೊಳ್ಳಬಹುದು ಎಂದು ನೀವೇ ಹಿಂದೆ ಸಹಿ ಮಾಡಿಕೊಟ್ಟ ಒಪ್ಪಿಗೆ ಪತ್ರ ಇರಬೇಕು. ಕೈಗೆ ಬಂದ ಕಾಗದ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು, ಅಥವಾ ಯಾವುದಕ್ಕೂ ಸೇರದ ಬೆದರಿಕೆಯೋ ಎಂದು ಗುರುತಿಸಿಕೊಂಡರೆ ಮುಂದಿನ ದಾರಿ ಕಾಣುತ್ತದೆ.

ಲಕೋಟೆಯನ್ನು ತೆಗೆದುಕೊಳ್ಳಿ

ಇಂಡಿ ಕಡೆಯಿಂದ ಬಂದು ನಮ್ಮಲ್ಲಿ ಸ್ಟೋರ್ ಗುಮಾಸ್ತರಾಗಿದ್ದ ಒಬ್ಬರು ತಂಗಿಯ ಮದುವೆಗೆಂದು ಸಾಲ ಮಾಡಿದ್ದರು. ಕಂತು ನಿಂತ ಮೇಲೆ ಜೋಗೇಶ್ವರಿಯ ಚಾಳಿಗೆ ಎರಡು ಬಾರಿ ರಿಜಿಸ್ಟರ್ಡ್ ಟಪಾಲು ಬಂತು. ಯಾವ ಕಾಗದವನ್ನೂ ತೆಗೆದುಕೊಳ್ಳಬೇಡ ಎಂದು ಹೆಂಡತಿಗೆ ಹೇಳಿಟ್ಟಿದ್ದರಿಂದ ಎರಡೂ ಹಿಂದಿರುಗಿದವು. ಆಮೇಲೆ ನ್ಯಾಯಾಲಯದ ಕಡತದಲ್ಲಿ ಆ ಲಕೋಟೆಯನ್ನು ನಾವಿಬ್ಬರೂ ನೋಡಿದೆವು. ಅದರ ಮೇಲೆ ಅಂಚೆಯವರು ನೀಲಿ ಶಾಯಿಯಲ್ಲಿ ‘ಘೇಣ್ಯಾಸ ನಕಾರ’ ಎಂದು ಬರೆದು ದಿನಾಂಕ ಹಾಕಿದ್ದರು. ತೆಗೆದುಕೊಳ್ಳಲು ನಿರಾಕರಿಸಿದರು ಎಂಬ ಆ ಎರಡು ಪದಗಳೇ ಸಮನ್ಸು ಜಾರಿಯಾಯಿತು ಎನ್ನಲು ಸಾಕಾದವು. ವಾದಿಯ ಮಾತನ್ನಷ್ಟೇ ಕೇಳಿ ಏಕಪಕ್ಷೀಯ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪು, ಆಯಿತು. ಕಾಗದ ಮುಟ್ಟದಿದ್ದರೆ ಕೇಸು ನಡೆಯುವುದಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಇದರಿಂದ ಆದಷ್ಟು ಹಾನಿ ಬಡ್ಡಿಯಿಂದಲೂ ಆಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ಲಕೋಟೆ ಬಂದ ದಿನವೇ ಅದರ ಮೇಲೆ ದಿನಾಂಕ ಬರೆದಿಡಿ, ಏಕೆಂದರೆ ಅಂದಿನಿಂದ ದಿನಗಳ ಎಣಿಕೆ ಶುರುವಾಗುತ್ತದೆ. ಸಾಮಾನ್ಯ ಹಣದ ದಾವೆಯಲ್ಲಿ ನಿಮ್ಮ ಉತ್ತರವನ್ನು 30 ದಿನಗಳೊಳಗೆ ಸಲ್ಲಿಸಬೇಕು; ಕಾರಣ ತೋರಿಸಿದರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಸಮನ್ಸಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ‘ಆದೇಶ 37’ (ಆರ್ಡರ್ 37) ಎಂದಿದ್ದರೆ ಅದು ಸಂಕ್ಷಿಪ್ತ ದಾವೆ. ಅದರಲ್ಲಿ ಹಾಜರಿ ದಾಖಲಿಸಲು 10 ದಿನ ಮಾತ್ರ ಇರುತ್ತದೆ. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೂ ಅದನ್ನು ರದ್ದುಪಡಿಸಲು 30 ದಿನಗಳೊಳಗೆ ಅರ್ಜಿ ಹಾಕಬಹುದು. ಸಮನ್ಸು ಸರಿಯಾಗಿ ಜಾರಿಯೇ ಆಗಿರದಿದ್ದರೆ, ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ ಈ 30 ದಿನಗಳನ್ನು ಎಣಿಸುತ್ತಾರೆ. ಕೊನೆಯ ಪಾವತಿಯಾಗಿ ಅಥವಾ ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು ಮೂರು ವರ್ಷ ಕಳೆದ ಬಳಿಕ ಹೂಡಿದ ದಾವೆಯಾದರೆ, ಕಾಲಮಿತಿಯ ತಕರಾರನ್ನು ವಕೀಲರು ಎತ್ತುವಂತೆ ನೋಡಿಕೊಳ್ಳಿ.

ಫೈನಾನ್ಸ್ ಕಂಪನಿಗಳು ಬಹಳಷ್ಟು ಬಾರಿ ನ್ಯಾಯಾಲಯಕ್ಕೆ ಹೋಗದೆ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್) ನೋಟಿಸು ಕಳಿಸುತ್ತವೆ. ಅದು ಕೋರ್ಟಿನದ್ದಲ್ಲ ಎಂದು ಬದಿಗಿಡಬೇಡಿ. ಮಧ್ಯಸ್ಥರ ತೀರ್ಪು ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಸಾಲ ಕೊಟ್ಟವರು ತಮಗೆ ಬೇಕಾದವರನ್ನು ತಾವೊಬ್ಬರೇ ಮಧ್ಯಸ್ಥರನ್ನಾಗಿ ನೇಮಿಸಿದ್ದರೆ, ಅಂಥ ನೇಮಕಕ್ಕೆ ವಿರುದ್ಧವಾಗಿ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಮೊದಲ ನೋಟಿಸಿಗೇ ನಿಮ್ಮ ಆಕ್ಷೇಪವನ್ನು ಬರೆದು ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.

ವಾಟ್ಸ್ಯಾಪಿನಲ್ಲಿ ‘ಕೋರ್ಟ್ ಆರ್ಡರ್’ ಎಂದು ಬಂದದ್ದನ್ನು ಮಾತ್ರ ನೋಡಿದ ಕೂಡಲೇ ನಂಬಬೇಡಿ. ನಿಜವಾದ ದಾವೆಗೆ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ಸಂಖ್ಯೆಯನ್ನೋ ನಿಮ್ಮ ಹೆಸರನ್ನೋ ಹಾಕಿ ಹುಡುಕಬಹುದು. ಊರಿನಲ್ಲಿ ಮಾಡಿದ ಸಾಲವಾದರೆ ಅಲ್ಲಿನ ನ್ಯಾಯಾಲಯದ ಹೆಸರನ್ನೂ ಹುಡುಕಿ, ಏಕೆಂದರೆ ಉಡುಪಿಯಲ್ಲೋ ವಿಜಯಪುರದಲ್ಲೋ ಆದ ಡಿಕ್ರಿ ಅಮಲ್ಜಾರಿಗೆಂದು ಮುಂಬಯಿಯ ನ್ಯಾಯಾಲಯಕ್ಕೆ ವರ್ಗವಾಗಿ ಬರಬಹುದು.

ಎಷ್ಟು ಕಡಿಯಬಹುದು

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನೌಕರರ ಪಾಲಿಗೆ ದೊಡ್ಡ ರಕ್ಷೆ. ಅದರ ಪ್ರಕಾರ ತಿಂಗಳ ಒಟ್ಟು ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ, ಉಳಿದುದರಲ್ಲಿ ಮೂರನೇ ಎರಡು ಪಾಲನ್ನೂ ಜಪ್ತಿ ಮಾಡುವಂತಿಲ್ಲ. ಮೇಲೆ ಹೇಳಿದ ಗುಮಾಸ್ತರ ಸಂಬಳ 31,000 ರೂಪಾಯಿ. ಪಗಾರ ಚೀಟಿಯ ಹಿಂಬದಿಯಲ್ಲೇ ನಾನು ಅವರಿಗೆ ಲೆಕ್ಕ ಬರೆದು ತೋರಿಸಿದೆ: 31,000ದಲ್ಲಿ 1,000 ತೆಗೆದರೆ 30,000, ಅದರ ಮೂರನೇ ಎರಡು ಪಾಲಾದ 20,000 ಅವರದೇ, ಜಪ್ತಿಗೆ ಸಿಗುವುದು 10,000. ಅಂದರೆ 21,000 ರೂಪಾಯಿಯನ್ನು ಆ ಡಿಕ್ರಿ ಮುಟ್ಟಲಾರದು. ಪೂರ್ತಿ ಪಗಾರವೇ ಹೋಯಿತೆಂದು ಮೂರು ರಾತ್ರಿ ನಿದ್ದೆಗೆಟ್ಟಿದ್ದ ಅವರು ಆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಜೀವನಾಂಶದ ಡಿಕ್ರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಮೂರನೇ ಒಂದು ಪಾಲಿಗೆ ಮಾತ್ರ ರಕ್ಷಣೆ.

ಇದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಬಹಳ ಜನ ತಿಳಿದಿಲ್ಲ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಪಗಾರದಿಂದ ಕಡಿತವಾದ ಮೇಲೆ, ನಡುವೆ ಬಿಟ್ಟು ಬಿಟ್ಟು ಕಡಿದಿದ್ದರೂ ಸರಿ, ಆ ಡಿಕ್ರಿಯ ಹೆಸರಿನಲ್ಲಿ ಮತ್ತೆ ಪಗಾರ ಮುಟ್ಟುವಂತಿಲ್ಲ. ಸಾಲ ಅಲ್ಲಿಗೆ ತೀರಿತೆಂದಲ್ಲ. ಬೇರೆ ಆಸ್ತಿಯ ಮೇಲೆ ಅವರು ಹೋಗಬಹುದು. ಆದರೂ ಪ್ರತಿ ತಿಂಗಳ ಪಗಾರ ಚೀಟಿಯನ್ನು ಜೋಡಿಸಿಟ್ಟುಕೊಂಡು, 24 ತುಂಬಿದೊಡನೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಅದರ ಪ್ರತಿಯನ್ನು ಪಗಾರ ವಿಭಾಗಕ್ಕೆ ಕೊಡಬೇಕು. ನೀವು ಎಣಿಸದಿದ್ದರೆ ಬೇರೆ ಯಾರೂ ಎಣಿಸುವುದಿಲ್ಲ.

ಹೋಟೆಲುಗಳಲ್ಲಿ, ಕಟ್ಟಡದ ಕೆಲಸದಲ್ಲಿ, ಮನೆಗೆಲಸದಲ್ಲಿ ದುಡಿಯುವ ನಮ್ಮವರು ಮುಂದಿನದನ್ನು ಮನಸ್ಸಿಟ್ಟು ಓದಬೇಕು. ಕಾರ್ಮಿಕರ ಮತ್ತು ಮನೆಗೆಲಸದವರ ಕೂಲಿಗೆ ಡಿಕ್ರಿಯ ಜಪ್ತಿಯಿಂದ ಪೂರ್ಣ ವಿನಾಯಿತಿ ಇದೆ. ಕೂಲಿ ಎಂದರೆ ಬೋನಸ್ ಕೂಡ ಸೇರುತ್ತದೆ ಎಂದೂ, ಕಾರ್ಮಿಕ ಎಂದರೆ ಕುಶಲ, ಅರೆಕುಶಲ, ಅಕುಶಲ ಮೂವರೂ ಸೇರುತ್ತಾರೆ ಎಂದೂ ಅದೇ ಕಲಮಿನ ವಿವರಣೆ ಹೇಳುತ್ತದೆ. ಆದರೆ ನಿಮ್ಮ ಕೆಲಸ ಏನೆಂಬುದು ನ್ಯಾಯಾಧೀಶರಿಗೆ ತಾನಾಗಿ ಗೊತ್ತಾಗುವುದಿಲ್ಲ. ಹಾಜರಾಗಿ, ಕೆಲಸದ ಪುರಾವೆ ಕೊಟ್ಟು, ವಿನಾಯಿತಿ ಕೇಳಬೇಕು. ಭವಿಷ್ಯನಿಧಿ, ಗ್ರಾಚ್ಯುಯಿಟಿ, ಜೀವವಿಮೆಯ ಪಾಲಿಸಿ, ಅಡುಗೆಯ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಲಾಗದ ಒಡವೆ, ಇವನ್ನೂ ಜಪ್ತಿ ಮಾಡುವಂತಿಲ್ಲ. ಈ ವಿನಾಯಿತಿಗಳನ್ನು ಬಿಟ್ಟುಕೊಡುತ್ತೇನೆಂದು ನೀವು ಸಾಲದ ಪತ್ರದಲ್ಲಿ ಸಹಿ ಮಾಡಿದ್ದರೂ ಆ ಒಪ್ಪಂದ ನಿಲ್ಲುವುದಿಲ್ಲ.

ನ್ಯಾಯಾಲಯದ ಆದೇಶ ಬಂದ ಮೇಲೆ ಮಾಲೀಕರನ್ನು ‘ಈ ತಿಂಗಳೊಂದು ಕಡಿಯಬೇಡಿ’ ಎಂದು ಬೇಡಿಕೊಂಡು ಫಲವಿಲ್ಲ. ಕಡಿಯದೆ ಬಿಟ್ಟರೆ ಆ ಮೊತ್ತಕ್ಕೆ ಅವರೇ ಹೊಣೆಯಾಗುತ್ತಾರೆ. ಕೇಳಬೇಕಾದದ್ದು ಆದೇಶದ ಪ್ರತಿಯನ್ನು ಮತ್ತು ಲೆಕ್ಕ ಹಾಕಿದ ರೀತಿಯನ್ನು. ತಪ್ಪಿದ್ದರೆ ತಿದ್ದುವ ಅಧಿಕಾರ ಆದೇಶ ಕೊಟ್ಟ ನ್ಯಾಯಾಲಯದ್ದು.

ಪತಸಂಸ್ಥೆಯ ಸಾಲ, ಜಾಮೀನಿನ ಸಹಿ

ಮುಂಬಯಿಯಲ್ಲಿ ನಾನು ಕಂಡ ಕಡಿತಗಳಲ್ಲಿ ಹೆಚ್ಚಿನವು ಬ್ಯಾಂಕಿನವಲ್ಲ, ಪತಸಂಸ್ಥೆಗಳವು, ಅಂದರೆ ಸದಸ್ಯರಿಗೆ ಸಾಲ ಕೊಡುವ ಸಹಕಾರಿ ಸಂಘಗಳವು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 49ನೇ ಕಲಮಿನಂತೆ ಸದಸ್ಯರು ಒಪ್ಪಂದ ಬರೆದುಕೊಟ್ಟಿದ್ದರೆ, ಮಾಲೀಕರು ಪಗಾರದಿಂದ ಕಂತು ಕಡಿದು ಸಂಘಕ್ಕೆ ಕಟ್ಟಬೇಕಾಗುತ್ತದೆ. ಇದಕ್ಕೆ ಕೋರ್ಟು ಬೇಕಿಲ್ಲ. ಕಂತು ನಿಂತರೆ ಸಂಘವು 101ನೇ ಕಲಮಿನಡಿ ಸಹಕಾರ ಇಲಾಖೆಯ ಉಪನಿಬಂಧಕರ (ಡೆಪ್ಯುಟಿ ರಿಜಿಸ್ಟ್ರಾರ್) ಮುಂದೆ ಅರ್ಜಿ ಹಾಕಿ ವಸೂಲಿ ಪ್ರಮಾಣಪತ್ರ ಪಡೆಯುತ್ತದೆ. ಅದು ಕೈಗೆ ಬಂದರೆ ವಿಶೇಷ ವಸೂಲಿ ಅಧಿಕಾರಿ ಜಪ್ತಿಗೆ ಹೊರಡುತ್ತಾರೆ. ಈ ಕಾಗದಗಳು ಮರಾಠಿಯಲ್ಲಿರುತ್ತವೆ. ‘ವಸುಲೀ ದಾಖಲಾ’ (ವಸೂಲಿ ಪ್ರಮಾಣಪತ್ರ), ‘ಥಕಬಾಕೀದಾರ’ (ಸುಸ್ತಿದಾರ), ‘ಜಾಮೀನದಾರ’ (ಜಾಮೀನುದಾರ) ಎಂಬ ಪದಗಳು ಕಂಡರೆ, ಅರ್ಥವಾಗಲಿಲ್ಲವೆಂದು ಮಡಿಸಿಡದೆ ಮರಾಠಿ ಬಲ್ಲವರಿಂದ ಅಂದೇ ಓದಿಸಿ.

ಉಪನಿಬಂಧಕರ ಎದುರಿನ ವಿಚಾರಣೆಯ ದಿನವೇ ನಿಮ್ಮ ಮಾತಿಗೆ ಬೆಲೆ ಇರುವ ದಿನ. ಪಾಸ್‌ಬುಕ್ಕು, ರಸೀದಿ, ಕಡಿತವಾದ ಪಗಾರ ಚೀಟಿಗಳನ್ನು ಒಯ್ದು, ಅಸಲೆಷ್ಟು, ಬಡ್ಡಿಯೆಷ್ಟು, ಕಟ್ಟಿದ್ದೆಷ್ಟು ಎಂದು ಲಿಖಿತವಾಗಿ ಕೊಡಿ. ಪ್ರಮಾಣಪತ್ರ ಹೊರಟುಹೋದರೆ, ಅದರ ವಿರುದ್ಧ 154ನೇ ಕಲಮಿನಡಿ ಪುನರ್‌ಪರಿಶೀಲನೆ ಕೇಳಲು ಬಾಕಿಯ ಅರ್ಧದಷ್ಟನ್ನು ಮೊದಲು ಠೇವಣಿ ಇಡಬೇಕಾಗುತ್ತದೆ. ಅಷ್ಟು ಹಣ ಕೈಯಲ್ಲಿದ್ದವರು ಸುಸ್ತಿದಾರರಾಗುವುದೇ ಅಪರೂಪ.

ಜಾಮೀನುದಾರರ ಕಷ್ಟ ಇದಕ್ಕಿಂತ ದೊಡ್ಡದು. ಜಾಮೀನು ಎಂದರೆ ಬರೀ ಪರಿಚಯದ ಸಹಿ ಎಂದುಕೊಂಡು ಹಾಕಿದವರಿಗೆ, ಕಾನೂನಿನ ದೃಷ್ಟಿಯಲ್ಲಿ ಸಾಲಗಾರನಷ್ಟೇ ಹೊಣೆ ತಮ್ಮದೂ ಎಂಬುದು ನೋಟಿಸು ಬಂದ ದಿನ ತಿಳಿಯುತ್ತದೆ. ಸಾಲ ಮಾಡಿದವನು ಕೆಲಸ ಬಿಟ್ಟು ಊರಿಗೆ ಹೋಗಿರುತ್ತಾನೆ. ತಿಂಗಳ ಪಗಾರ ಬರುವ ಜಾಮೀನುದಾರನೇ ಸಂಘಕ್ಕೆ ಸುಲಭವಾಗಿ ಸಿಗುತ್ತಾನೆ. ಮೊದಲು ಅವನನ್ನು ಹಿಡಿಯಿರಿ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಆದರೆ ನೀವು ಕಟ್ಟಿದ ಪ್ರತಿ ರೂಪಾಯಿಯನ್ನೂ ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕು ನಿಮಗಿದೆ, ಅದಕ್ಕೆ ರಸೀದಿಗಳು ಬೇಕು.

ಎಲ್ಲ ಬಗೆಯ ಕಡಿತಗಳೂ ಸೇರಿ ಪಗಾರ ಬರಿದಾಗುತ್ತಿದ್ದರೆ 2019ರ ವೇತನ ಸಂಹಿತೆಯ 18ನೇ ಕಲಮನ್ನು ಮಾಲೀಕರಿಗೆ ತೋರಿಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಈ ಸಂಹಿತೆಯಂತೆ ಒಂದು ಅವಧಿಯ ಒಟ್ಟು ಕಡಿತ ವೇತನದ ಶೇ. 50ನ್ನು ಮೀರುವಂತಿಲ್ಲ.

ಬಾಗಿಲಿಗೆ ಬರುವವರು

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಫೋನು ಮಾಡಬಾರದು, ಬೆದರಿಸಬಾರದು, ಹತ್ತು ಜನರ ಮುಂದೆ ಅವಮಾನ ಮಾಡಬಾರದು, ಮನೆಯವರ ಮತ್ತು ಗೆಳೆಯರ ಖಾಸಗಿತನಕ್ಕೆ ನುಗ್ಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಸೂಚಿಸಿದೆ. ಬಂದವರ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ಕೇಳಿ, ಕರೆಗಳ ದಿನಾಂಕ ಮತ್ತು ವೇಳೆಯನ್ನು ಬರೆದಿಡಿ. ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ಮಾಹಿತಿಗೆ 14448. ಪತಸಂಸ್ಥೆಗಳ ಮೇಲಿನ ದೂರು ಮಾತ್ರ ಸಹಕಾರ ಇಲಾಖೆಯ ನಿಬಂಧಕರಿಗೆ ಹೋಗಬೇಕು. ಮೈಮುಟ್ಟಿದರೆ, ಜೀವಬೆದರಿಕೆ ಹಾಕಿದರೆ ಪೊಲೀಸ್ ಠಾಣೆಗೆ ಹೋಗಿ.

ಜೈಲಿನ ಬೆದರಿಕೆಯ ಬಗ್ಗೆ ಒಂದು ಮಾತು. ಕಟ್ಟಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಹಣದ ಡಿಕ್ರಿಯಲ್ಲಿ ಸೆರೆಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹೆಂಗಸರನ್ನಂತೂ ಅಂಥ ಡಿಕ್ರಿಯಲ್ಲಿ ಬಂಧಿಸುವಂತೆಯೇ ಇಲ್ಲ. ಚೆಕ್ಕು ವಾಪಸಾದ ಪ್ರಕರಣ ಮಾತ್ರ ಬೇರೆ, ಅದು ಅಪರಾಧ. ಅದರ ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕಟ್ಟಿದರೆ ಕೇಸು ಹುಟ್ಟುವುದಿಲ್ಲ.

ಒಂದು ಸಾಲ ತೀರಿಸಲು ಪರವಾನಗಿಯಿಲ್ಲದ ಸಾವಕಾರರ ಬಳಿಗೆ ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 2014ರ ಮಹಾರಾಷ್ಟ್ರ ಲೇವಾದೇವಿ ಕಾಯ್ದೆಯಲ್ಲಿ ಪರವಾನಗಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸುವುದು ಶಿಕ್ಷಾರ್ಹ. ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತ್ತಿನಲ್ಲಿ ಕಂತಿನ ಒಪ್ಪಂದ ಮಾಡಿಕೊಳ್ಳಲೂ ಅಲ್ಲಿಂದಲೇ ದಾರಿ ಸಿಗುತ್ತದೆ.

ರಾಜಿಯಾಗಿ ಹಣ ಕಟ್ಟುವಾಗ ಏಜೆಂಟನ ಕೈಗೆ ನಗದು ಕೊಡಬೇಡಿ, ಅವನ ಸ್ವಂತ ಯುಪಿಐ ಖಾತೆಗೂ ಹಾಕಬೇಡಿ. ಸಂಸ್ಥೆಯ ತಲೆಬರಹವುಳ್ಳ ರಾಜಿ ಪತ್ರ ಮೊದಲು ಕೈಗೆ ಬರಲಿ, ಕಟ್ಟಿದ ಮೇಲೆ ಬೇಬಾಕಿ ಪತ್ರ, ಅಂದರೆ ಬಾಕಿ ಏನೂ ಇಲ್ಲವೆಂಬ ಪತ್ರ, ಪಡೆಯಿರಿ. ಡಿಕ್ರಿ ಆಗಿದ್ದರೆ ಅದೂ ಸಾಲದು. ನಮ್ಮ ಗುಮಾಸ್ತರು ಊರಿನ ಹೊಲದ ಒಂದು ಭಾಗ ಮಾರಿ ಬಾಕಿಯನ್ನು ಒಂದೇ ಕಂತಿನಲ್ಲಿ ಕಟ್ಟಿ, ಬೇಬಾಕಿ ಪತ್ರ ಹಿಡಿದು ನನ್ನ ಬಳಿ ಬಂದರು. ಆದರೂ ಆ ತಿಂಗಳ 10,000ವನ್ನು ನಾನು ಕಡಿಯಲೇಬೇಕಾಯಿತು, ಏಕೆಂದರೆ ನನ್ನ ಕಡತದಲ್ಲಿದ್ದುದು ನ್ಯಾಯಾಲಯದ ಆದೇಶ, ಅದನ್ನು ನಿಲ್ಲಿಸುವ ಕಾಗದವೂ ನ್ಯಾಯಾಲಯದಿಂದಲೇ ಬರಬೇಕಿತ್ತು. ನ್ಯಾಯಾಲಯದ ಹೊರಗೆ ಕಟ್ಟಿದ ಹಣವನ್ನು ಡಿಕ್ರಿಯ ತೀರುವಳಿಯೆಂದು ದಾಖಲಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ 2ನೇ ನಿಯಮದಡಿ 30 ದಿನಗಳೊಳಗೆ ಅರ್ಜಿ ಹಾಕಬೇಕು, ಜೊತೆಗೆ ಪಾವತಿಯ ಲಿಖಿತ ಪುರಾವೆ ಇರಬೇಕು. ಅವರು ರಜೆ ಹಾಕಿ ದಿಂಡೋಶಿಯ ನ್ಯಾಯಾಲಯಕ್ಕೆ ಹೋಗಿ ಆ ಅರ್ಜಿ ಕೊಟ್ಟರು. ಜಪ್ತಿ ತೆರವಾದ ಆದೇಶ ನನ್ನ ಮೇಜಿಗೆ ಬಂದ ತಿಂಗಳು ಅವರ ಪಗಾರ ಚೀಟಿಯಲ್ಲಿ 31,000ದ ಲೆಕ್ಕವನ್ನು ಕಡಿತವಿಲ್ಲದೆ ಬರೆದೆ.